ಕಸ್ಟರ್ಡಿನ ಚರಿತ್ರೆ

ಅಶೋಕನ ಭಾನುವಾರವನ್ನು ಹಾಳು ಮಾಡಿದ್ದು ಒಂದು ಬಟ್ಟಲು ಕಸ್ಟರ್ಡು. ಬಸುರಿ ಹೆಂಡತಿಗೆ ಆಸೆಯಾಯಿತೆಂದು ಶನಿವಾರ ತಾನೇ ಕೈಯಾರೆ ಮಾಡಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ದೊಡ್ಡ ಉಪಕಾರಿಯ ಹಾಗೆ ಗೋಡೆಯಾಚೆ ಇರುವ ಮನೆ ಮಾಲಕಿ ಕಮಲಾವತಿಯಮ್ಮನಿಗೂ ಒಂದು ಬಟ್ಟಲು ಕೊಟ್ಟು ಬಂದ. ಅದೂ ಹೊತ್ತು ಮುಳುಗುವ ಮೊದಲೇ. ಜೈನರ ಮನೆಯಲ್ಲಿ ಕತ್ತಲಾದ ಮೇಲೆ ಊಟವಿಲ್ಲ ಎಂಬುದು ಮೂಡಬಿದಿರೆಯಲ್ಲಿ ಯಾರಿಗೆ ಗೊತ್ತಿಲ್ಲ?

ಹೊರಗಿನದ್ದೇನನ್ನೂ ಬಾಯಿಗಿಡದ ಕಮಲಾವತಿಯಮ್ಮ, ಬಸುರಿಯ ಮನೆಯಿಂದ ಬಂದದ್ದನ್ನು ಬೇಡ ಎನ್ನಬಾರದೆಂದು ಅದನ್ನು ತಿಂದಿದ್ದರು. ಬೆಳಿಗ್ಗೆ ತೊಳೆದ ಬಟ್ಟಲಿನಲ್ಲಿ ಎರಡು ಬಾಳೆಹಣ್ಣು ಇಟ್ಟು ವಾಪಸು ಕೊಡುತ್ತಾ, "ಅಶೋಕ, ಸಂಜೆ ಒಮ್ಮೆ ಬಾ. ಆ ಕಸ್ಟರ್ಡಿನ ವಿಷಯ ಸ್ವಲ್ಪ ಮಾತಾಡ್ಲಿಕ್ಕುಂಟು" ಎಂದರು. ಮುಖದಲ್ಲಿ ನಗುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ.

ಕಾಂಪೌಂಡಿನ ಆಚೆ ಬಟ್ಟೆ ಒಣಗಿಸುತ್ತಿದ್ದ ನೆರೆಮನೆಯ ಸೇಸಮ್ಮ ಕೈಯಲ್ಲಿದ್ದ ಸೀರೆಯನ್ನು ಅಲ್ಲಿಗೇ ಬಿಟ್ಟರು.

"ಕಸ್ಟರ್ಡು ಕೊಟ್ಟೆಯಾ? ಅದಕ್ಕೆ ಮೊಟ್ಟೆ ಹಾಕ್ತಾರಲ್ಲ ಮಾರಾಯ."

"ನಾನು ಪುಡಿಯಲ್ಲಿ ಮಾಡಿದ್ದು ಸೇಸಕ್ಕ."

"ಪುಡಿ ಹಳದಿ ಇರ್ತದೆ ಅಲ್ವಾ? ಆ ಬಣ್ಣ ಎಲ್ಲಿಂದ ಬರ್ತದೆ ಹೇಳು. ನಾನು ಬೇಕರಿಯಲ್ಲಿ ಕೆಲಸ ಮಾಡಿದವಳು."

ಅಶೋಕನಿಗೆ ಬಾಡಿಗೆಯ ಕರಾರು ನೆನಪಾಯಿತು. ಮೊಟ್ಟೆ, ಮೀನು, ಮಾಂಸ ಹೊಸ್ತಿಲು ದಾಟುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಈ ಮನೆ ಬಾಡಿಗೆಗೆ ಸಿಕ್ಕಿದ್ದು. ಹಿಂದಿದ್ದವರು ಒಂದು ಆಮ್ಲೆಟಿನ ಆಸೆಗೆ ಬಿದ್ದು ವಾರದೊಳಗೆ ಗಂಟುಮೂಟೆ ಕಟ್ಟಿದ್ದರು. ದೀಪಶ್ರೀಗೆ ಈಗ ಎಂಟು ತಿಂಗಳು. ಇಲ್ಲಿಂದ ಆಸ್ಪತ್ರೆಗೆ ನಡೆದೇ ಹೋಗಬಹುದು. ಈ ಹೊತ್ತಿನಲ್ಲಿ ಮನೆ ಬಿಡಿ ಎಂದರೆ ಅವಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು?

ಒಳಗೆ ಓಡಿ, "ಪುಡಿಯ ಪ್ಯಾಕೆಟ್ ಎಲ್ಲಿ?" ಎಂದ.

"ಪುಡಿಯನ್ನು ಡಬ್ಬಿಗೆ ಹಾಕಿದೆ. ಪ್ಯಾಕೆಟ್ ಈಗಷ್ಟೇ ಕಸದ ಗಾಡಿಗೆ ಹೋಯ್ತಲ್ಲ" ಎಂದಳು ದೀಪಶ್ರೀ. ಗಾಡಿಯ ಹಾಡು ತಿರುವಿನಾಚೆ ಕೇಳುತ್ತಿತ್ತು. ಅಶೋಕ ಲುಂಗಿ ಎತ್ತಿ ಕಟ್ಟಿ ಓಡಿದ. ಹಾಡು ಅವನಿಗಿಂತ ಜೋರಾಗಿ ಓಡಿತು.

ಪುಡಿ ಕೊಂಡ ಸೂಪರ್ ಮಾರ್ಕೆಟಿಗೆ ಹೋದರೆ ಆ ಕಪಾಟಿನ ಜಾಗವೇ ಖಾಲಿ. "ಸ್ಟಾಕ್ ಮುಗಿದಿದೆ ಅಶೋಕಣ್ಣ. ಒಳಗೆ ಎಲ್ಲಾದರೂ ಉಂಟಾ ನೋಡ್ತೇನೆ, ಸ್ವಲ್ಪ ನಿಲ್ಲಿ" ಎಂದ ಅಂಗಡಿಯ ಮೊಯ್ದೀನ್.

ಅಷ್ಟು ಹೊತ್ತಿಗೆ ಶೋಧನ್ ಮಾಸ್ಟ್ರು ಎದುರಾದರು. ಕಾಲೇಜಿನಲ್ಲಿ ಇತಿಹಾಸ ಹೇಳುವವರು. ರಜೆಯ ದಿನ ಕೇಳುವವರಿಲ್ಲದೆ ಒದ್ದಾಡುತ್ತಿದ್ದರು. ಅಶೋಕ ಕಸ್ಟರ್ಡಿನ ಸುದ್ದಿ ಎತ್ತಿದ್ದೇ ತಡ, ಚೀಲ ಕೆಳಗಿಟ್ಟರು.

"ಕಸ್ಟರ್ಡ್ ಅಂದ್ರೆ ಯುರೋಪಿನದ್ದು. ಹಾಲು ಮತ್ತು ಮೊಟ್ಟೆ. ನೂರಾರು ವರ್ಷಗಳಿಂದ ಹಾಗೆಯೇ. ನೋಡಿ, ಈ ಅಂಗಡಿಯ ಒಂದೊಂದು ಸಾಮಾನಿಗೂ ಒಂದು ಚರಿತ್ರೆ ಉಂಟು. ಈ ಒಣಮೆಣಸು ನಮ್ಮದು ಅಂತ ಎಣಿಸಿದ್ದೀರಾ? ಪೋರ್ಚುಗೀಸರು ತಂದದ್ದು. ಬಟಾಟೆ, ಗೇರುಬೀಜ, ಅನಾನಸು..."

"ಮೆಣಸು ಎಲ್ಲಿಂದ ಬೇಕಾದರೂ ಬರಲಿ ಮಾಸ್ಟ್ರೇ. ನನ್ನ ಬಟ್ಟಲಿಗೆ ಮೊಟ್ಟೆ ಬಂತಾ ಇಲ್ವಾ, ಅದನ್ನು ಹೇಳಿ."

"ಅಲ್ಲಿಗೇ ಬರ್ತೇನೆ" ಎಂದು ಮಾಸ್ಟ್ರು ಗೇರುಬೀಜದ ಕಡೆ ತಿರುಗಿದರು.

ಅಶೋಕನಿಗೆ ನಿಲ್ಲುವ ಧೈರ್ಯವಿರಲಿಲ್ಲ. ಹಾಲು ಮತ್ತು ಮೊಟ್ಟೆ ಎಂದು ಓದಿದವರೇ ಹೇಳಿದ ಮೇಲೆ ಇನ್ನೇನು ಉಳಿಯಿತು? ಊಟವನ್ನೂ ಮಾಡದೆ ಬಾಡಿಗೆ ಮನೆ ಹುಡುಕಲು ಹೊರಟ. ಒಂದರ ಮೆಟ್ಟಿಲು ಏಣಿಯಷ್ಟು ಕಡಿದು. ಇನ್ನೊಂದರ ಬಾವಿಯಲ್ಲಿ ನೀರಿಲ್ಲ. ಮೂರನೆಯ ಮನೆಯವರು, ಪುಟ್ಟ ಮಗು ಅತ್ತರೆ ತಮಗೆ ನಿದ್ದೆ ಬರುವುದಿಲ್ಲವೆಂದರು. ಮಗು ಇನ್ನೂ ಹುಟ್ಟಿಯೇ ಇಲ್ಲ, ಆಗಲೇ ಅದರ ಮೇಲೆ ದೂರು.

ಸಂಜೆ ಸೋತು ಮನೆಯ ಗೇಟಿನ ಹತ್ತಿರ ಬರುವಾಗ ಶೋಧನ್ ಮಾಸ್ಟ್ರ ಫೋನು ಬಂತು.

"ಏನು ಮಾರಾಯ್ರೇ, ನಾನು ಮುಗಿಸುವ ಮೊದಲೇ ಓಡಿದಿರಲ್ಲ. ಕಸ್ಟರ್ಡಿನ ಚರಿತ್ರೆ ಬೇರೆ, ಪುಡಿಯ ಚರಿತ್ರೆ ಬೇರೆ. ಇಂಗ್ಲೆಂಡಿನಲ್ಲಿ ಒಬ್ಬ ಔಷಧಿ ಅಂಗಡಿಯವನ ಹೆಂಡತಿಗೆ ಮೊಟ್ಟೆ ಆಗ್ತಿರಲಿಲ್ಲ. ಪಾಪ, ಅವಳಿಗೂ ಕಸ್ಟರ್ಡ್ ತಿನ್ಲಿಕ್ಕೆ ಸಿಗಲಿ ಅಂತ ಮೊಟ್ಟೆಯೇ ಇಲ್ಲದ ಪುಡಿ ಮಾಡಿದ. ಅದರಲ್ಲಿರುವುದು ಮೆಕ್ಕೆಜೋಳದ ಹಿಟ್ಟು. ಮೊಯ್ದೀನನಿಗೆ ಒಳಗೆ ಒಂದು ಪ್ಯಾಕೆಟ್ ಸಿಕ್ಕಿದೆ, ಹಸಿರು ಚುಕ್ಕೆ ಉಂಟು. ಫೋಟೋ ಕಳಿಸಿದ್ದೇನೆ."

ಅಶೋಕನ ಕಣ್ಣಲ್ಲಿ ನೀರೇ ಬಂತು. ಹೆಂಡತಿಗಾಗಿ ಅಷ್ಟೆಲ್ಲ ಮಾಡಿದ ಆ ಪರದೇಶಿಯ ಮೇಲೆ ಒಡಹುಟ್ಟಿದವನ ಮೇಲಿನಷ್ಟು ಪ್ರೀತಿ ಉಕ್ಕಿತು. ಅದೇ ಉಮೇದಿನಲ್ಲಿ ಕಮಲಾವತಿಯಮ್ಮನ ಜಗಲಿ ಹತ್ತಿದರೆ, ಅಲ್ಲಿ ಸೇಸಮ್ಮ ಮೊದಲೇ ಬಂದು ಕೂತಿದ್ದರು. ಮೊಟ್ಟೆಯ ವಿಷಯ ಇವರು ಆಗಲೇ ಹೇಳಿ ಆಯಿತೆಂದುಕೊಂಡ ಅಶೋಕ, ಕೂರುವ ಮೊದಲೇ ಫೋನು ಮುಂದೆ ಹಿಡಿದು ಔಷಧಿ ಅಂಗಡಿಯವನ ಕತೆಯನ್ನು ಒಂದೇ ಉಸಿರಿಗೆ ಒಪ್ಪಿಸಿದ.

ಕಮಲಾವತಿಯಮ್ಮ ಸಾವಧಾನವಾಗಿ ಕೇಳಿದರು. "ಪುಡಿಯಲ್ಲಿ ಮೊಟ್ಟೆ ಇಲ್ಲ ಅಂತ ನನಗೆ ಗೊತ್ತುಂಟು ಮಗ. ಮದುವೆಯಾಗಿ ಬಂದಂದಿನಿಂದ ನಾನೂ ಮಾಡ್ತೇನೆ. ಉಂಟು ಅಂತ ನಿನಗೆ ಯಾರು ಹೇಳಿದ್ದು?"

ಸೇಸಮ್ಮ ಮಾಡಿನ ಹೆಂಚು ನೋಡತೊಡಗಿದರು.

"ನಾನು ಕರೆದದ್ದು ಅದಕ್ಕಲ್ಲ" ಎಂದರು ಕಮಲಾವತಿಯಮ್ಮ. "ಅಂಥ ಸಿಹಿ ನಾನು ಹುಟ್ಟಿದ ಮೇಲೆ ತಿಂದದ್ದಿಲ್ಲ. ಬರುವ ವಾರ ಮನೆಯಲ್ಲಿ ಪೂಜೆ ಉಂಟು, ನೆಂಟರಿಗೂ ಅದನ್ನೇ ಮಾಡುವ ಅಂತ. ಏನು ಹಾಕಿದ್ದು ನೀನು?"

ಇಡೀ ದಿನದ ಹೆದರಿಕೆ ಇಳಿದು ಅಶೋಕನ ಎದೆ ಉಬ್ಬಿತು.

"ಜೇನು, ಅಮ್ಮ. ದೀಪಶ್ರೀಗೆ ಡಾಕ್ಟರು ಸಕ್ಕರೆ ಬೇಡ ಅಂದಿದ್ದಾರೆ, ಅದಕ್ಕೆ. ಶಿರ್ತಾಡಿಯಿಂದ ಮಾವ ಕಳಿಸಿದ್ದು. ಕಾಡಿನ ಜೇನುಗೂಡನ್ನೇ ಹಿಂಡಿ ತೆಗೆದದ್ದು. ದೇವರ ಪಂಚಾಮೃತಕ್ಕೆ ಇಡುವಷ್ಟು ಶುದ್ಧ."

ಕಮಲಾವತಿಯಮ್ಮನ ಕೈ ನಿಧಾನವಾಗಿ ಬಾಯಿಗೆ ಹೋಯಿತು.

"ಮದ್ಯ, ಮಾಂಸ, ಮಧು" ಎಂದರು, ತೀರ ಸಣ್ಣ ಸ್ವರದಲ್ಲಿ. "ಈ ಮೂರನ್ನು ಮುಟ್ಟುವುದಿಲ್ಲ ಅಂತ ಸಣ್ಣ ಹುಡುಗಿಯಿರುವಾಗ ಬಸದಿಯಲ್ಲಿ ನೇಮ ತೆಗೊಂಡದ್ದು. ಜೇನು ಅಂದ್ರೆ ನಮಗೆ ಮಾಂಸವೇ ಅಶೋಕ. ಎಷ್ಟು ಹುಳ ಸತ್ತಿರ್ತದೆ ಅದಕ್ಕೆ."

ಅವರು ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಬೆಳ್ತಂಗಡಿಯಲ್ಲಿರುವ ಮಗನಿಗೆ ಫೋನಿನಲ್ಲಿ ಹೇಳುವುದು ಕೇಳಿಸಿತು: "ನೇಮಿರಾಜ, ನೀನು ನಾಳೆಯೇ ಬಾ. ಬಾಡಿಗೆಯವರ ವಿಷಯ."

ಅಶೋಕ ಜಗಲಿಯಿಂದ ಇಳಿದು ಚಪ್ಪಲಿ ಹುಡುಕತೊಡಗಿದ. ಸೇಸಮ್ಮನಿಗೆ ಅವನನ್ನು ನೋಡಿ ನಿಜವಾಗಿಯೂ ಕನಿಕರವಾಯಿತು. ಹತ್ತಿರ ಬಂದು ಬೆನ್ನು ತಟ್ಟಿದರು.

"ಬೇಜಾರು ಮಾಡ್ಬೇಡ ಮಾರಾಯ. ಸಿದ್ಧಕಟ್ಟೆಯಲ್ಲಿ ನನ್ನ ತಂಗಿಯ ಮನೆಯಲ್ಲಿ ಎರಡು ಕೋಣೆ ಖಾಲಿ ಉಂಟು. ನೀನು ಏನು ಮಾಡಿ ಕೊಟ್ಟರೂ ತಿಂತಾಳೆ ಅವಳು. ಆಸ್ಪತ್ರೆ ಮಾತ್ರ ಸ್ವಲ್ಪ ದೂರ."