ಸೆಣಬಿನ ಹುಳದ ಯೋಗಕ್ಷೇಮ

ಆಮದಾದ ಸೆಣಬಿನ ಬಟ್ಟೆಯಲ್ಲಿ ಜೀವಂತ ಹುಳ ಇರತಕ್ಕದ್ದಲ್ಲ ಎಂಬುದು ನಿಯಮ. ಇದ್ದರೆ, ತಜ್ಞರು ಬಂದು ಗುರುತಿಸುವವರೆಗೆ ಅದು ಸಾಯತಕ್ಕದ್ದಲ್ಲ ಎಂಬುದು ಉಪನಿಯಮ. ಎರಡೂ ಸಾರ್ವಜನಿಕರ ಹಿತದೃಷ್ಟಿಯಿಂದಲೇ ಹೊರಟಂಥವು.

ಕೈಚೀಲ ಹೊಲಿದು ಸಂಸಾರ ನಡೆಸುತ್ತಿದ್ದ ವಿಧವೆಯೊಬ್ಬಳು, ಎಲ್ಲರ ಬಾಯಲ್ಲಿ ಚೀಲದಕ್ಕ, ಮೊದಲ ಬಾರಿಗೆ ಹೊರದೇಶದಿಂದ ಸೆಣಬಿನ ಬಟ್ಟೆ ತರಿಸಿದ್ದಳು. ಶಾಲೆ ಶುರುವಾಗುವುದರೊಳಗೆ ಚೀಲ ಕೊಡುತ್ತೇನೆಂದು ಅಂಗಡಿಯವರಿಗೆ ಮಾತು ಕೊಟ್ಟಾಗಿತ್ತು. ಬಂದರಿನ ಉಗ್ರಾಣದಲ್ಲಿ ಪರಿವೀಕ್ಷಕರು ಸುರುಳಿಯೊಂದನ್ನು ಬಿಚ್ಚಿದಾಗ ಕಂದು ಹುಳವೊಂದು ಹೊರಬಂದು, ಬೆಳಕು ಹಿಡಿಸದೆ ಮತ್ತೆ ಒಳಗೆ ಹೋಯಿತು. ಚೀಲದಕ್ಕ ಚಪ್ಪಲಿಗೆ ಕೈ ಹಾಕಿದಳು.

“ಮುಟ್ಟಬೇಡಿ,” ಎಂದರು ಪರಿವೀಕ್ಷಕರು. “ಅದು ಈಗ ಇಲಾಖೆಯದು.”

ತಜ್ಞರು ಯಾವಾಗ ಬರುತ್ತಾರೆಂದು ಅವಳು ಕೇಳಿದಳು. ಹುದ್ದೆ ಮಂಜೂರಾಗಿದೆ, ಬಾಗಿಲಿಗೆ ಫಲಕವನ್ನೂ ಹಾಕಿಸಿದ್ದೇವೆ, ತಜ್ಞರೊಬ್ಬರು ಮಾತ್ರ ಬರಬೇಕು ಎಂದು ಪರಿವೀಕ್ಷಕರು ಸಮಾಧಾನ ಹೇಳಿದರು. ಅಲ್ಲಿಯವರೆಗೆ ಹುಳದ ಯೋಗಕ್ಷೇಮ ಆಮದುದಾರರ ಹೊಣೆ. ಅದು ಸತ್ತರೆ ಸಾಕ್ಷ್ಯನಾಶ, ಸರಕು ಮುಟ್ಟುಗೋಲು.

ಹೀಗಾಗಿ ಚೀಲದಕ್ಕ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿ ದಿನಾ ಉಗ್ರಾಣಕ್ಕೆ ಬರತೊಡಗಿದಳು. ಹುಳಕ್ಕೆ ಏನು ಹಾಕಲಿ ಎಂದರೆ, ಅದು ಸಿಕ್ಕಿದ ಸ್ಥಿತಿಯಲ್ಲೇ ಇರಬೇಕಾದ್ದರಿಂದ ಸಿಕ್ಕಿದ ಬಟ್ಟೆಯನ್ನೇ ತಿನ್ನಬೇಕು ಎಂಬ ಉತ್ತರ ಬಂತು. ಈ ವಿಷಯದಲ್ಲಿ ಹುಳ ಇಲಾಖೆಗೆ ಪೂರ್ಣ ಸಹಕಾರ ನೀಡಿತು. ಇತ್ತ ಮನೆಯಲ್ಲಿ ಅತ್ತೆ, ಸೊಸೆ ತನಗೆ ಒಂದು ದಿನವೂ ಮಾಡದಷ್ಟು ಉಪಚಾರವನ್ನು ಹುಳಕ್ಕೆ ಮಾಡುತ್ತಿದ್ದಾಳೆಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ಬಂದರು. ಅಂಗಡಿಯವರು ಪ್ಲಾಸ್ಟಿಕ್ ಚೀಲ ತರಿಸಿಕೊಂಡರು.

ಆ ಸುದ್ದಿ ಕೇಳಿದ ದಿನ ಅವಳಿಗೆ ತಡೆಯಲಾಗಲಿಲ್ಲ. ಕೊಂದರೂ ಬಟ್ಟೆ ಹೋಯಿತು, ಸಾಕಿದರೂ ಹೋಯಿತು. ಕೊಂದ ತೃಪ್ತಿಯಾದರೂ ಇರಲಿ ಎಂದು ಸುರುಳಿ ಬಿಚ್ಚಿದಳು. ಒಳಗೆ ಇದ್ದದ್ದು ಒಂದೇ ಹುಳವಲ್ಲ. ಮಕ್ಕಳು ಮರಿ ಸಮೇತ ದೊಡ್ಡ ಸಂಸಾರವೇ ಇತ್ತು. ಯಾವುದನ್ನು ಕೊಲ್ಲಬೇಕೆಂದು ತೋಚದೆ ಅವಳು ಅಲ್ಲೇ ಕುಳಿತು ಅತ್ತಳು.

ವಿಷಯ ತಿಳಿದು ಹಿರಿಯ ಅಧಿಕಾರಿಗಳೇ ಬಂದರು. ಬಗ್ಗಿ ನೋಡಿ, ಇಷ್ಟು ಜೀವಗಳಿಗೆ ಇಷ್ಟೇ ಬಟ್ಟೆಯೇ ಎಂದು ಮರುಗಿದರು.

“ಸರ್, ಇದು ನಾನು ಹೊಲಿಯೋಕೆ ತರಿಸಿದ್ದು,” ಎಂದಳು ಚೀಲದಕ್ಕ.

“ಇರಬಹುದಮ್ಮ. ಆದರೆ ನೀವು ಹೊರಗಿದ್ದೀರಿ, ಅವು ಒಳಗಿವೆ.”

ಅಂದೇ ಆದೇಶ ಹೊರಟಿತು: “ಸದರಿ ಸರಕು ಸದರಿ ಕೀಟಗಳ ಜೀವನಾಧಾರವಾಗಿರುವುದರಿಂದ, ಅದನ್ನು ಆಮದುದಾರರಿಗೆ ಬಿಟ್ಟುಕೊಡುವುದು ಸಾಕ್ಷ್ಯವನ್ನು ಉಪವಾಸ ಕೆಡವಿದಂತಾಗುತ್ತದೆ. ಕೊರತೆ ಬೀಳುವ ಬಟ್ಟೆಯನ್ನು ಸುಂಕರಹಿತವಾಗಿ, ತಪಾಸಣೆಯಿಲ್ಲದೆ ತರಿಸಿಕೊಳ್ಳತಕ್ಕದ್ದು. ಅನುಭವವುಳ್ಳ ಆಮದುದಾರರನ್ನೇ ಕೀಟಪಾಲಕಿಯಾಗಿ ನೇಮಿಸಿಕೊಳ್ಳತಕ್ಕದ್ದು.”

ಚೀಲದಕ್ಕ ಒಂದು ರಾತ್ರಿ ಯೋಚಿಸಿ ಒಪ್ಪಿಕೊಂಡಳು. ಈಗ ಅವಳಿಗೆ ತಿಂಗಳ ಸಂಬಳವಿದೆ, ರಜೆಯಿದೆ, ಮುಂದೆ ಪಿಂಚಣಿಯೂ ಉಂಟು. ಹೊಲಿಗೆ ಯಂತ್ರ ಮಾರಿಯಾಯಿತು. ಅತ್ತೆ ಮೊದಲ ಬಾರಿಗೆ ಸೊಸೆಯನ್ನು ನಾಲ್ಕು ಜನರ ಮುಂದೆ ಹೊಗಳಿದರು. ಮನೆಯಲ್ಲಿ ಸುಮ್ಮನೆ ಕೂತಿರುವ ತಮ್ಮ ಕಿರಿಯ ಮಗನಿಗೂ ಅಂಥದ್ದೇ ಒಂದು ಕೆಲಸ ಕೊಡಿಸು ಎಂದರು. ಚೀಲದಕ್ಕ ಸಾಹೇಬರನ್ನು ವಿಚಾರಿಸಿದಳು. ಮನಸ್ಸಿದ್ದರೂ ನಿಯಮ ಬಿಡುವುದಿಲ್ಲ, ಎರಡನೇ ಹುದ್ದೆಗೆ ಎರಡನೇ ಜಾತಿಯ ಹುಳ ಬೇಕು ಎಂದು ಅವರು ವಿಷಾದಿಸಿದರು.

ಅಂದಿನಿಂದ ಅತ್ತೆ ಅಡುಗೆಮನೆಯ ಹಿಟ್ಟಿನ ಡಬ್ಬಿಗಳಿಗೆ ಮುಚ್ಚಳ ಹಾಕುವುದನ್ನು ಬಿಟ್ಟಿದ್ದಾರೆ. ಚೀಲದಕ್ಕ ನೋಡಿದ್ದಾಳೆ, ಅವಳೂ ಮುಚ್ಚಲು ಹೋಗಿಲ್ಲ.