ನಿಂತು ಅಡಿಗೆ ಮಾಡುವ ಕಟ್ಟೆ

ಮಿರಜಿನ ನಮ್ಮ ಬೀದಿಯಲ್ಲಿ ನಮ್ಮದು ನಾಲ್ಕು ತಲೆಮಾರಿನ ಮನೆತನ. ನಮ್ಮ ಮಾವನವರು ಸೊಸೈಟಿಯ ಚೇರಮನ್ ಆಗಿದ್ದವರು. ಓಣಿಯ ಜಗಳಗಳು ನಮ್ಮ ಪಡಸಾಲೆಯಲ್ಲಿ ಬಗೆಹರಿಯುತ್ತಿದ್ದವು. ನನ್ನ ತವರು ಸಾಂಗ್ಲಿ. ತಂದೆಯವರು ಅರಿಶಿನದ ವ್ಯಾಪಾರಿ, ನನ್ನನ್ನು ಕಾನ್ವೆಂಟಿನಲ್ಲಿ ಓದಿಸಿದರು. ಅಲ್ಲಿ ಹೊಲಿಗೆ ಒಂದೆಳೆ ಸೊಟ್ಟಗಾದರೂ ಸಿಸ್ಟರ್ ಪೂರ್ತಿ ಬಿಚ್ಚಿಸುತ್ತಿದ್ದರು. ಆದರೆ ಕಟ್ಟುವ ಕೆಲಸಕ್ಕೆಂದು ಮನೆಯೊಳಗೆ ಗೌಂಡಿ ಕಾಲಿಟ್ಟ ಮೇಲೆ ಎಂಥ ಮನೆತನಕ್ಕೂ ಇಂಥ ಪ್ರಸಂಗಗಳು ತಪ್ಪುವುದಿಲ್ಲ.

ಆ ವರ್ಷ ನಮಗೆ ಗ್ಯಾಸ್ ಬಂತು. ನೆಲದ ಒಲೆ ಒಡೆಸಿ, ನಿಂತು ಅಡಿಗೆ ಮಾಡುವ ಕಟ್ಟೆ ಕಟ್ಟಿಸಲು ನಿರ್ಧರಿಸಿದೆ. ನಮ್ಮ ಬೀದಿಯಲ್ಲಿ ಅಂಥದ್ದು ಅದೇ ಮೊದಲು. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಬಂದಾಗ ನೋಡುವಿರಂತೆ ಎಂದು ಎಲ್ಲ ಮನೆಗಳಿಗೂ ಹೇಳಿಯಾಗಿತ್ತು. ಹೇಳಿದ ಮೇಲೆ ಅಷ್ಟರೊಳಗೆ ಅದು ಮುಗಿಯಲೇಬೇಕು, ನೋಡುವಂತೆಯೂ ಇರಬೇಕು.

ಒಲೆ

ಮಾಲಗಾಂವದ ಗೌಂಡಿ ಹೇಳಿದ ಹೊತ್ತಿಗೆ ಬಂದ. ಮಧ್ಯಾಹ್ನ ನೋಡಿದರೆ ಒಲೆ ಇದ್ದ ಹಾಗೇ ಇದೆ, ಅವನು ಹಾರೆ ಪಕ್ಕಕ್ಕಿಟ್ಟು ಬಾಗಿಲಲ್ಲಿ ಚಹಾ ಕುಡಿಯುತ್ತ ಕೂತಿದ್ದಾನೆ.

"ಯಾಕೆ ಒಡೆದಿಲ್ಲ?"

"ಉರಿಯೂ ಒಲಿಗೆ ಹಾರಿ ಹಾಕಬಾರದ್ರಿ ಬಾಯಾರ. ಆರಲಿ ಅಂತ ಕುಂತೇನಿ."

ಅತ್ತೆಯವರನ್ನು ಕೇಳಿದೆ. "ಒಲೆ ಯಾಕೆ ಹಚ್ಚಿದಿರಿ?"

"ಮನಿಗೆ ಬಂದ ಗೌಂಡಿ ಸುಮ್ಮನ ಕುಂತಾನ. ಒಂದು ಕಪ್ಪು ಚಹಾನಾದ್ರೂ ಕೊಡಬ್ಯಾಡೇನು?"

ಮರುದಿನವೂ ಹಾಗೆಯೇ ಆಯಿತು. ಮೂರನೆಯ ದಿನ ಅವನ ಚಹಾ ಪಕ್ಕದ ಮನೆಯಿಂದ ತರಿಸಿದೆ. ಒಲೆ ಒಡೆಯಿತು.

ಇಟ್ಟಿಗೆ

ಕಟ್ಟೆಗೆಂದು ಇಟ್ಟಿಗೆ ತರಿಸಿ ಬಾಗಿಲ ಬದಿಗೆ ಪೇರಿಸಿದ್ದೆವು. ಅದು ಸೊಸೈಟಿ ಇಲೆಕ್ಷನ್ನಿನ ಸಮಯ. ಒಂದು ಸಂಜೆ ಹೊರಗೆ ಬಂದರೆ ಒಂದು ಇಟ್ಟಿಗೆಯೂ ಇಲ್ಲ. ಬೀದಿಯ ತಿರುವಿನಲ್ಲಿ ಅದೇ ಇಟ್ಟಿಗೆ ಜೋಡಿಸಿ, ಮೇಲೆ ಜಮಖಾನೆ ಹಾಸಿ, ಒಬ್ಬ ಉಮೇದುವಾರ ನಿಂತು ಭಾಷಣ ಮಾಡುತ್ತಿದ್ದಾನೆ. ನಮ್ಮ ಗೌಂಡಿ ಮುಂದೆಯೇ ಕೂತು ಚಪ್ಪಾಳೆ ಹೊಡೆಯುತ್ತಿದ್ದಾನೆ.

"ಕೆಲಸ ಬಿಟ್ಟು ಇಲ್ಲಿ ಏನು ಮಾಡುತ್ತಿ?" ಎಂದೆ.

"ಇಟ್ಟಂಗಿನ ಇಲ್ಲಿ ಬಂದಾವು, ನಾ ಅಲ್ಲಿ ಕುಂತು ಏನ್ ಮಾಡ್ಲಿರಿ?"

ಸೊಸೈಟಿಯ ಪ್ರತಿಯೊಬ್ಬ ಸಭಾಸದನಿಗೂ ಪಕ್ಕಾ ಮನೆ ಕಟ್ಟಿಸಿಕೊಡುತ್ತೇವೆ ಎಂದು ಉಮೇದುವಾರ ಕೂಗಿದ. ಊರಿಗೆಲ್ಲ ಮನೆ ಕಟ್ಟಿಸುವ ಆ ಮಾತನ್ನು ಅವನು ಆಡಿದ್ದು ನನ್ನ ಅಡಿಗೆಮನೆಯ ಮೇಲೆ ನಿಂತು.

ಸೊಂಟ

ಇಂಥ ಕಟ್ಟೆಯನ್ನು ಮನೆಯ ಹೆಂಗಸಿನ ಸೊಂಟದ ಎತ್ತರಕ್ಕೆ ಕಟ್ಟುತ್ತಾರೆ. ಇಟ್ಟಿಗೆ ಮರಳಿ ಬಂದ ಮೇಲೆ ಗೌಂಡಿ ಟೇಪು ಹಿಡಿದು ಬಂದ. ಪರ ಗಂಡಸು ನನ್ನ ಸೊಂಟಕ್ಕೆ ಟೇಪು ಹಿಡಿಯುವುದು ಸಾಧ್ಯವಿರಲಿಲ್ಲ. "ಸರಿಯಾದ ಎತ್ತರಕ್ಕೆ ಕಟ್ಟು" ಎಂದು ಹೇಳಿ ಮಹಿಳಾ ಮಂಡಳಕ್ಕೆ ಹೋದೆ.

ಬರುವಷ್ಟರಲ್ಲಿ ಕಟ್ಟೆ ಎದ್ದಿತ್ತು, ಮೇಲೆ ಕಡಪಾ ಕಲ್ಲಿನ ಚಪ್ಪಡಿ ಕೂತಿತ್ತು. ನನ್ನ ಮೊಣಕಾಲಿಗಿಂತ ತುಸು ಮೇಲೆ, ಅಷ್ಟೇ. ಗ್ಯಾಸಿನ ಸಿಲಿಂಡರ್ ಕೆಳಗೆ ಹಿಡಿಸದೆ ಪಕ್ಕದಲ್ಲಿ ನಿಂತಿತ್ತು.

"ಇದು ಯಾರ ಸೊಂಟ?"

"ಅಜ್ಜಿಯಾರದ್ರಿ. ಮನಿಗೆ ಹಿರೇರು, ಅವರನ್ನ ಬಿಟ್ಟು ಹೆಂಗ ಮಾಡೂದು?"

ನಮ್ಮ ಅತ್ತೆಯವರು ಮೊದಲೇ ಗಿಡ್ಡ, ಜೀವನವೆಲ್ಲ ನೆಲದ ಒಲೆಯ ಮುಂದೆ ಕೂತು ಪೂರ್ತಿ ಬಾಗಿದವರು. "ಅಡಿಗೆ ಮಾಡುವವಳು ನಾನಲ್ಲವೇ?" ಎಂದು ಅವರನ್ನೇ ಕೇಳಿದೆ.

"ಅದಕ್ಕೇನಾತು? ನೀನೂ ಬಗ್ಗು. ಕಾನ್ವೆಂಟಿನ್ಯಾಗ ಅದೊಂದು ಕಲಿಸಿಲ್ಲ."

ಅರಿಶಿನ ಕುಂಕುಮ

ಒಡೆಸಿ ಮತ್ತೆ ಕಟ್ಟಿಸಲು ಸಮಯವಿರಲಿಲ್ಲ. ಕಲ್ಲನ್ನು ಎಣ್ಣೆ ಹಚ್ಚಿ ಹೊಳೆಯುವಂತೆ ಒರೆಸಿ, ಸ್ಟೋವ್ ಇಟ್ಟು, ಅದರ ಮೇಲೆ ಕೈಕಸೂತಿಯ ಬಟ್ಟೆ ಹೊದಿಸಿದೆ. ಹೆಂಗಸರು ಬಂದರು. ಎಲ್ಲರಿಗಿಂತ ಮುಂದೆ ಬಂದವರು ನಮ್ಮ ಬೀದಿಯ ಸಹಕಾರಿ ಬ್ಯಾಂಕ್ ಡೈರೆಕ್ಟರರ ಹೆಂಡತಿ. ಅಡಿಗೆಮನೆಗೆ ಬಂದವರೇ "ಅಯ್ಯ, ಏನ್ ತಂಪ ಐತಿ!" ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಕೂತವರು ಪಕ್ಕದಲ್ಲಿ ತಟ್ಟಿ, "ಬರ್ರಿ, ಕುಂದ್ರಿ, ಜಾಗಾ ಐತಿ" ಎಂದು ಉಳಿದವರನ್ನೂ ಕರೆದರು. ಕಟ್ಟೆ ತುಂಬಿತು. ಅತ್ತೆಯವರು ಸಾಲಾಗಿ ಕುಂಕುಮ ಹಚ್ಚುತ್ತ, ಎಳ್ಳುಬೆಲ್ಲ ಕೊಡುತ್ತ ನಡೆದರು. ಅವರಿಗೆ ಬಗ್ಗುವ ಕೆಲಸವೇ ಇರಲಿಲ್ಲ.

ಎಳ್ಳುಬೆಲ್ಲ ತಿಂದು ಮುಗಿಸಿ ಡೈರೆಕ್ಟರರ ಹೆಂಡತಿ ಸುತ್ತಲೂ ನೋಡಿದರು.

"ಮತ್ತ, ಆ ನಿಂತು ಅಡಿಗಿ ಮಾಡೂ ಕಟ್ಟಿ ಎಲ್ಲೈತ್ರಿ? ತೋರಸ್ರಿ."

"ನೀವು ಕೂತಿರುವುದೇ ಅದು."

"ಹೌದೇನು! ಮತ್ತ ಸ್ಟೋವ್?"

"ನಿಮ್ಮ ಬೆನ್ನ ಹಿಂದೆ. ನೀವು ಒರಗಿದ್ದೀರಿ."

ಅವರು ತಿರುಗಿ ಬಟ್ಟೆ ಎತ್ತಿ ನೋಡಿದರು. ಎದ್ದೇಳುತ್ತಾರೆ ಎಂದು ನಾನು ಅಂದುಕೊಂಡೆ. ಅವರು ಬಟ್ಟೆ ಮತ್ತೆ ಮುಚ್ಚಿ, "ಇರ್ಲಿ ಬಿಡ್ರಿ, ಹಚ್ಚಿಲ್ಲಲ್ಲ" ಎಂದು ಮೊದಲಿಗಿಂತ ಆರಾಮಾಗಿ ಒರಗಿದರು. ಹೆಂಗಸರೆಲ್ಲ ನಕ್ಕರು. ಅತ್ತೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಅಡಿಗೆ ಮಾಡುವ ಜಾಗದ ಮೇಲೆ ಮರ್ಯಾದಸ್ಥರು ಯಾರೂ ಕೂಡುವುದಿಲ್ಲ. ಅಂದು ಮೊದಲು ಕೂತವರು ನಮ್ಮ ಮನೆಗೆ ಬಂದು, ನಿಂತುಕೊಂಡು, ಕ್ಷಮೆ ಕೇಳಬೇಕು.