ತಂಗಿಯ ಹಗ್ಗದ ಮೇಲೆ ರಾಜಧ್ವಜ

ರಾಜಧ್ವಜ ಎಲ್ಲಿ ಹಾರುತ್ತದೋ ಮಹಾರಾಜರು ಅಲ್ಲಿರುತ್ತಾರೆ. ಇದು ಕಾನೂನು. ಇದನ್ನು ಮಾಡಿದ್ದು ನನ್ನ ತಂಗಿಯಲ್ಲ.

ಕಾನೂನಿಗೆ ಚರಿತ್ರೆಯೂ ಇದೆ. ಈಗಿನ ಮಹಾರಾಜರ ಮುತ್ತಜ್ಜ ಯುದ್ಧದ ಹಿಂದಿನ ದಿನ ಹೊಟ್ಟೆನೋವೆಂದು ಡೇರೆಯಿಂದ ಎದ್ದು ಹೋದವರು, ಹೋದರು, ಹೋದರು, ಗಡಿ ದಾಟಿ ಅತ್ತೆಮನೆ ಸೇರಿಕೊಂಡರು. ಮಂತ್ರಿ ಖಾಲಿ ಡೇರೆಯ ಮೇಲೆ ಧ್ವಜ ಏರಿಸಿ, “ಪ್ರಭುಗಳು ಒಳಗಿದ್ದಾರೆ” ಎಂದ. ಶತ್ರುಗಳು ನಂಬಿ ಓಡಿದರು. ಅಂದಿನಿಂದ ಪ್ರಭು ಎಂದರೆ ಧ್ವಜವೇ. ಕೈಕಾಲಿರುವ ಪ್ರಭು ಅದು ಇದ್ದ ಕಡೆ ಇದ್ದರೆ ಸಾಕು.

ಧ್ವಜದ ಮೇಲೆ ಕೆಂಪು ಸಿಂಹ ಒಂದು ಕಾಲು ಎತ್ತಿಕೊಂಡು ನಿಂತಿದೆ. ಅದು ಪ್ರಜೆಗಳಿಗೆ ಅಭಯ ಎಂದು ಲಾಂಛನಾಧಿಕಾರಿಗಳು ಹೇಳುತ್ತಾರೆ. ನನಗೆ ಬಸ್ಸಿಗೆ ಕೈ ಮಾಡಿದ ಹಾಗೆ ಕಾಣುತ್ತದೆ.

ಆ ಸಿಂಹದ ಮೂತಿಯ ಮೇಲೆ ಪಾರಿವಾಳಗಳು ತಮ್ಮ ಅಭಿಪ್ರಾಯ ತಿಳಿಸಿದ್ದರಿಂದ ಧ್ವಜ ಒಗೆಯಲು ಬಂತು. ಆಸ್ಪತ್ರೆಯ ಬೆಡ್‌ಶೀಟು ಒಗೆಯುವವಳು ನನ್ನ ತಂಗಿ. ಒಗೆದಳು, ಹಿಂಡಿದಳು, ಹಿತ್ತಲ ಹಗ್ಗಕ್ಕೆ ಹಾಕಿ ಎರಡು ಕ್ಲಿಪ್ಪು ಸಿಕ್ಕಿಸಿದಳು. ಗಾಳಿ ಬೀಸಿತು. ಧ್ವಜ ಹಾರಿತು.

ಬೀದಿಯ ಪೊಲೀಸರು ಬೇಲಿಯಾಚೆಯಿಂದಲೇ ಸೆಲ್ಯೂಟ್ ಹೊಡೆದರು. ಲಾಂಛನಾಧಿಕಾರಿಗಳು ಏದುಸಿರು ಬಿಡುತ್ತಾ ಬಂದರು.

“ಅಮ್ಮಾ, ಮಹಾರಾಜರು ನಿಮ್ಮ ಹಿತ್ತಲಲ್ಲಿ ಬಿಡಾರ ಮಾಡಿದ್ದಾರೆ.”

“ಎಲ್ಲಿ? ನನಗೆ ಕಾಣ್ತಿಲ್ವಲ್ಲ.”

“ಬರ್ತಾ ಇದ್ದಾರೆ.”

ಬಂದರು, ಕಂಕುಳಲ್ಲಿ ದಿಂಬು ಇಟ್ಟುಕೊಂಡು. ಅರಮನೆ ಬಾಗಿಲಲ್ಲಿ ಕಾವಲುಗಾರ ತಡೆದಿದ್ದನಂತೆ: “ಮೇಲೆ ಧ್ವಜ ಇಲ್ಲ, ಅಂದ ಮೇಲೆ ಮಹಾರಾಜರು ಒಳಗಿಲ್ಲ. ತಾವು ಯಾರು?” ಪಾಪ, ಅವನದೇನು ತಪ್ಪು.

ತಂಗಿಯ ಬಕೆಟ್ಟುಗಳಲ್ಲಿ ಒದ್ದೆ ಬೆಡ್‌ಶೀಟುಗಳು ಹಗ್ಗಕ್ಕಾಗಿ ಕಾಯುತ್ತಿದ್ದವು. ಅವಳು ಅಧಿಕಾರಿಗಳನ್ನು ಕೇಳಿದಳು:

“ಸ್ವಾಮಿ, ನಿಮ್ಮ ಬಾವುಟ ಒಣಗಿತು. ತೆಗೀಲಾ?”

“ಮಹಾರಾಜರು ಹೊರಟ ಮೇಲಷ್ಟೇ ಇಳಿಸಬೇಕು.”

“ಹಾಗಾದ್ರೆ ಹೊರಡ್ಲಿ.”

“ಧ್ವಜ ಇಳಿಯದೆ ಅವರು ಹೊರಡುವಂತಿಲ್ಲ.”

“ಸಂಜೆಗೆ ಬೆಡ್‌ಶೀಟು ಕೊಡದಿದ್ರೆ ಆಸ್ಪತ್ರೆಯವರು ಬೇರೆಯವರನ್ನ ನೋಡ್ಕೋತಾರೆ. ಆಮೇಲೆ ನಿಮ್ಮ ಸಿಂಹ ಬಂದು ನನ್ನ ಒಲೆ ಹಚ್ಚುತ್ತಾ?”

ಅಧಿಕಾರಿಗಳು ನಿಯಮ ತಿರುವಿ ನೋಡಿದರು. “ಸಿಂಹದ ಕರ್ತವ್ಯಗಳಲ್ಲಿ ಒಲೆ ಬರುವುದಿಲ್ಲ.”

ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಮಹಾರಾಜರು ಆಗ ಬಾಯಿ ಬಿಟ್ಟರು. “ಅಲ್ಲಮ್ಮ, ಅಲ್ಲಿ ಅಷ್ಟು ದೊಡ್ಡ ಮನೆ ಖಾಲಿ ಬಿದ್ದಿದೆಯಲ್ಲ, ಅಲ್ಲೇ ಹಾಕಿಕೋ.”

ಕೂಡಲೇ ಪ್ರಕಟಣೆ ಹೊರಟಿತು: “ಧ್ವಜವಿಲ್ಲದ ಅರಮನೆಯು ಕೇವಲ ಕಟ್ಟಡವಾದ್ದರಿಂದ, ಸದರಿ ಕಟ್ಟಡದಲ್ಲಿ ಬಟ್ಟೆ ಒಣಗಿಸುವುದಕ್ಕೆ ಯಾವ ಅಡ್ಡಿಯೂ ಇರುವುದಿಲ್ಲ.”

ತಂಗಿ ದರ್ಬಾರು ಹಾಲಿನಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಎಳೆದಳು. ಕೊನೆ ತುದಿಯನ್ನು ಸಿಂಹಾಸನದ ಕಾಲಿಗೆ ಬಿಗಿದಳು. ಕೆಲಸವಿಲ್ಲದೆ ನಿಂತಿದ್ದ ಕಾವಲುಗಾರರು ಆ ಕಡೆ ಈ ಕಡೆ ಹಿಡಿದು ಹಿಂಡಿಕೊಟ್ಟರು. ಸಂಜೆಗೆ ಬೆಡ್‌ಶೀಟು ಆಸ್ಪತ್ರೆ ಸೇರಿತು. ಡಾಕ್ಟರಮ್ಮ ಮೂಸಿ ನೋಡಿ, “ಇದೇನು, ಗಂಧದ ವಾಸನೆ” ಎಂದು, ಇನ್ನೆರಡು ವಾರ್ಡಿನ ಬಟ್ಟೆಯನ್ನೂ ಇವಳಿಗೇ ಕೊಟ್ಟರಂತೆ.

ಹಿತ್ತಲೂ ಸುಧಾರಿಸಿತು. ಪರದೇಶದ ರಾಯಭಾರಿಗಳು ಹಗ್ಗದ ಕೆಳಗೆ ಬಗ್ಗಿ ಬರುತ್ತಾರೆ; ಹೇಗೂ ಬಗ್ಗಲೇಬೇಕಾದ್ದರಿಂದ ವಂದನೆ ಬೇರೆ ಮಾಡಬೇಕಾಗಿಲ್ಲ. ಎರಡು ಕ್ಲಿಪ್ಪುಗಳು ಲಾಂಛನಕ್ಕೆ ಸೇರಿವೆ: ಒಂದು ನ್ಯಾಯ, ಇನ್ನೊಂದು ದಯೆ. ಒಂದರ ಸ್ಪ್ರಿಂಗು ಸಡಿಲ. ಅದು ಯಾವುದೆಂದು ಸಮಿತಿ ಇನ್ನೂ ತೀರ್ಮಾನಿಸಿಲ್ಲ.

ತಂಗಿಗೆ ಉಳಿದದ್ದು ಒಂದೇ ತಕರಾರು: ದರ್ಬಾರು ಹಾಲಿಗೆ ಬಿಸಿಲು ಸಾಲದು. ಮಹಾರಾಜರದೂ ಒಂದೇ ತಕರಾರು: ಹಿತ್ತಲಲ್ಲಿ ಬಿಸಿಲು ಜಾಸ್ತಿ. ಎರಡನ್ನೂ ಸೇರಿಸಿ ಸರ್ಕಾರ ಆಜ್ಞೆ ಮಾಡಿದೆ. ಈಗ ಅರಮನೆಯ ಹೆಂಚು ಇಳಿಸಿ ಹಿತ್ತಲಿಗೆ ಹೊದಿಸುತ್ತಿದ್ದಾರೆ. ತಂಗಿ ಕೆಳಗೆ ನಿಂತು, “ಆ ಮೂಲೆದೂ ತೆಗೀರಪ್ಪಾ, ದಿಂಬಿನ ಕವರುಗಳು ಅಲ್ಲೇ ಬರೋದು” ಅನ್ನುತ್ತಿದ್ದಾಳೆ.